ಹೊಸಬಳ ಬಾಣಲೆ

ಓಕ್‌ಸನ್ ಹಂದಿಮಾಂಸದ ಹೋಳುಗಳನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ತಟ್ಟೆಗೆ ಜೋಡಿಸುತ್ತಿದ್ದಳು. ಕೆಲಸ ಅರ್ಧ ಮುಗಿದಿತ್ತು. ಅವನ್ನು ಒಂದೊಂದಾಗಿ ಎಣ್ಣೆಗೆ ಬಿಡುತ್ತಿದ್ದ ಹೊಸಬಳು ಯೊನ್‌ಹ್ವಾ ಪಕ್ಕಕ್ಕೆ ತಿರುಗಿ ಮತ್ತೆ ಕೆಮ್ಮಿದಳು.

ಚಾಂಗ್‌ವನ್ ನಗರದ ಈ ಶಾಲೆಯ ಅಡುಗೆಮನೆಯಲ್ಲಿ ಕರಿಯುವ ದಿನ ಹೊಗೆ ಎಳೆಯುವ ಫ್ಯಾನು ಹಾಕುತ್ತಿರಲಿಲ್ಲ. ಹಾಕಿದರೆ ಎಣ್ಣೆಯ ಕಾವು ಇಳಿದು ಊಟ ತಡವಾಗುತ್ತದೆ ಎಂಬುದು ಹಿರಿಯ ಅಡುಗೆಯವಳಾದ ಮಲ್‌ಸುನ್‌ಳ ನಂಬಿಕೆ. ಹೊಸದಾಗಿ ಸೇರಿದವಳು ಮೊದಲ ವರ್ಷವಿಡೀ ಬಾಣಲೆಯ ಮುಂದೆಯೇ ನಿಲ್ಲಬೇಕೆಂಬುದು ಅವಳಿಗಿಂತಲೂ ಹಿಂದಿನ ಪದ್ಧತಿ. ಅಲ್ಲಿದ್ದವರೆಲ್ಲ ಆ ಹೊಗೆ ದಾಟಿ ಬಂದವರೇ, ಓಕ್‌ಸನ್ ಕೂಡ.

ಅಡುಗೆಯವರ ಸಂಘ ಬೀದಿಯಲ್ಲಿ ಕೂತು ಹೋರಾಡಿದ ಮೇಲೆ ಎಲ್ಲರಿಗೂ ಶ್ವಾಸಕೋಶದ ತಪಾಸಣೆಯಾಗಿತ್ತು. ಯೊನ್‌ಹ್ವಾಳ ಎದೆಯಲ್ಲಿ ಒಂದು ಚುಕ್ಕೆ ಕಂಡಿತ್ತು. ದೊಡ್ಡಾಸ್ಪತ್ರೆಯವರು ಮತ್ತೆ ಪರೀಕ್ಷಿಸಿ, ಅದು ಏನೆಂದು ಇವತ್ತು ಫೋನ್ ಮಾಡಿ ಹೇಳುವವರಿದ್ದರು.

"ಅಕ್ಕಾ, ಫ್ಯಾನ್ ಆದ್ರೂ ಹಾಕ್ಲಾ?" ಎಂದಳು ಯೊನ್‌ಹ್ವಾ.

"ಹಾಕಮ್ಮಾ," ಎಂದಳು ಮಲ್‌ಸುನ್, ಎಲೆಕೋಸು ಹೆಚ್ಚುತ್ತಲೇ. "ಆಮೇಲೆ ಮಕ್ಕಳಿಗೆ ನೀನೇ ಹೋಗಿ ಹೇಳು, ನನ್ನ ಕೆಮ್ಮು ನಿಂತ ಮೇಲೆ ಊಟ ಅಂತ."

"ನನ್ನ ಕೆಮ್ಮು ಹಾಗಿರ್ಲಿ. ಈ ಹೊಗೆಯಿಂದಾನೇ ಅಡುಗೆಯವ್ರಿಗೆ ಕ್ಯಾನ್ಸರ್ ಬರ್ತಿದೆ ಅಂತ ಸಂಘದವ್ರು ಹೇಳಿದ್ರಲ್ಲ. ಜೀವಕ್ಕೆ ಅಪಾಯ ಅಂದ್ರೆ ಕೆಲಸ ನಿಲ್ಲಿಸೋಕೆ ಕಾನೂನೇ ಇದೆಯಂತೆ."

"ಸಂಘದವ್ರು ಬಂದು ಸೌಟು ಹಿಡೀತಾರಾ? ಇಷ್ಟು ವರ್ಷ ಇದೇ ಹೊಗೆ ಕುಡ್ದು ಮೂರು ಮಕ್ಕಳನ್ನ ಓದಿಸ್ದೆ. ಸತ್ನಾ ನಾನು?"

"ನೀವು ಸಾಯ್ಲಿಲ್ಲ. ಹ್ಯೊನ್‌ಸುಕ್ ಅಕ್ಕ ಸತ್ರು."

ಹೋದ ಚಳಿಗಾಲದವರೆಗೆ ಅನ್ನದ ಹಂಡೆ ನೋಡಿಕೊಳ್ಳುತ್ತಿದ್ದವಳು ಹ್ಯೊನ್‌ಸುಕ್. ಮಲ್‌ಸುನ್‌ಳ ಚಾಕು ಒಂದು ಗಳಿಗೆ ನಿಂತಿತು.

"ಅವಳ ಗಂಡ ಸಿಗರೇಟು ಸೇದ್ತಿದ್ದ," ಎಂದು ಮತ್ತೆ ಹೆಚ್ಚತೊಡಗಿದಳು.

'ಈಚೆ ಬಾ, ನಾನು ನಿಲ್ತೀನಿ' ಎಂಬ ಮಾತು ಓಕ್‌ಸನ್‌ಳ ನಾಲಿಗೆಯ ತುದಿಗೆ ಬಂತು. ಹಾಗೆ ಹೇಳಿದರೆ ಮಲ್‌ಸುನ್ ವಾರಗಟ್ಟಲೆ ಆಡಿಕೊಳ್ಳುತ್ತಾಳೆ. ಓಕ್‌ಸನ್ ಇನ್ನೊಂದು ಹೋಳು ಕೈಗೆತ್ತಿಕೊಂಡಳು.

ಪಾತ್ರೆ ತೊಳೆಯುವ ಹೊತ್ತಿಗೆ ಫೋನು ಬಂತು. ಯೊನ್‌ಹ್ವಾ ಹಿತ್ತಿಲ ಬಾಗಿಲಾಚೆ ಹೋದಳು. ಗಾಜಿನಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮಾತು ಕೇಳುತ್ತ ಕೇಳುತ್ತ ಅವಳು ಗೋಡೆಗೊರಗಿ ಕುಕ್ಕರುಗಾಲಲ್ಲಿ ಕುಸಿದಳು. ಓಕ್‌ಸನ್ ನಲ್ಲಿ ನಿಲ್ಲಿಸಿದಳು.

ಒಳಗೆ ಬಂದವಳ ಮುಖವೆಲ್ಲ ಒದ್ದೆ. "ಹಳೇ ಗಾಯದ ಕಲೆಯಂತೆ. ಕ್ಯಾನ್ಸರ್ ಅಲ್ವಂತೆ ಅಕ್ಕಾ."

ಎಲ್ಲರಿಗಿಂತ ಮೊದಲು ಅತ್ತವಳು ಮಲ್‌ಸುನ್. ಏಪ್ರನ್ನಿನಿಂದ ಕಣ್ಣೊರೆಸಿಕೊಂಡು, ಎತ್ತಿಟ್ಟಿದ್ದ ಕರಿದ ಮಾಂಸದ ದೊಡ್ಡ ಹೋಳನ್ನು ಯೊನ್‌ಹ್ವಾಳ ಮುಂದಿಟ್ಟಳು. "ತಿನ್ನೇ. ಒಣಗಿದ ಮೀನಿನ ಥರ ಆಗಿದೀಯ." ಎಷ್ಟೋ ದಿನಗಳ ಮೇಲೆ ಅಡುಗೆಮನೆಯಲ್ಲಿ ನಗು ಎದ್ದಿತು. ಓಕ್‌ಸನ್‌ಳ ಎದೆಯೂ ಹಗುರಾಯಿತು. ಅವಳು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಳು.

"ನಾನು ಹೇಳ್ಲಿಲ್ವಾ, ಹೊಗೆಗೆ ಯಾರೂ ಸಾಯಲ್ಲ ಅಂತ?" ಎಂದಳು ಮಲ್‌ಸುನ್. "ಗುರುವಾರ ಮೀನು ಕರಿಯೋದಿದೆ. ಸ್ವಲ್ಪ ಬೇಗ ಬಾ."

"ಆಯ್ತು ಅಕ್ಕ," ಎಂದಳು ಯೊನ್‌ಹ್ವಾ, ಬಾಯ್ತುಂಬ ಮಾಂಸವಿಟ್ಟುಕೊಂಡು, ಆ ಖುಷಿಯಲ್ಲಿ ಏನು ಹೇಳಿದರೂ ಒಪ್ಪುವವಳಂತೆ.

ಓಕ್‌ಸನ್ ಎದ್ದು ಮತ್ತೆ ನಲ್ಲಿಯ ಬಳಿ ಹೋದಳು. ಹುಡುಗಿಯ ಎದೆಯಲ್ಲಿ ಈ ಸಲ ಕೆಟ್ಟದ್ದೇನೂ ಇರಲಿಲ್ಲ. ಹೊಗೆ ಮಾತ್ರ ಗುರುವಾರವೂ ಇದ್ದೇ ಇರುತ್ತದೆ. ಅಂದು ಎಲ್ಲರಿಗಿಂತ ಮುಂಚೆ ಬಂದು ತಾನೇ ಫ್ಯಾನು ಹಾಕುವುದು ಎಂದುಕೊಂಡಳು. ಮಲ್‌ಸುನ್ ಆರಿಸಿದರೆ ಗ್ಯಾಸು ಬಂದ್ ಮಾಡಿ, ಬಾಣಲೆಯ ಮುಂದೆ ಅಡ್ಡ ನಿಲ್ಲುವುದು. ಮಕ್ಕಳು ಒಂದು ದಿನ ಬ್ರೆಡ್ಡು ಹಾಲು ತಿಂದರೆ ತಿನ್ನಲಿ.

"ಏನೇ, ಕೈ ನಿಂತ್ಹೋಯ್ತು?" ಎಂದಳು ಮಲ್‌ಸುನ್.

"ಏನಿಲ್ಲ ಅಕ್ಕ," ಎಂದು ಓಕ್‌ಸನ್ ಜಿಡ್ಡು ಹಿಡಿದ ತಟ್ಟೆಗೆ ಬಿಸಿನೀರು ಬಿಟ್ಟಳು.