ಮೊತ್ತ ಸೊನ್ನೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಾಠ ಹೇಳುವವನಿಗೆ ಇದು ಒಳ್ಳೆಯದಲ್ಲ. ಆದರೂ ಶಹಾಪುರದ ಬಸ್ ನಿಲ್ದಾಣದ ಹಿಂದೆ ನಾಲ್ಕು ಹಳೆ ಕಂಪ್ಯೂಟರ್ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ.

ಕರೆಮ್ಮ ವನದುರ್ಗದಿಂದ ಬರುತ್ತಿದ್ದರು. ಕಾಲುವೆ ಕಚೇರಿಯಲ್ಲಿ ದಿನಗೂಲಿ. ಬೆಳಿಗ್ಗೆ ಸಂಜೆ ಕಾಲುವೆಯ ಅಳತೆಪಟ್ಟಿ ನೋಡಿ, ನೀರಿನ ಮಟ್ಟವನ್ನು ರಿಜಿಸ್ಟರಿನಲ್ಲಿ ಬರೆಯುವ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ. ಅಂಕಿಯನ್ನೂ ಕನ್ನಡದಲ್ಲೇ ಬರೆಯುತ್ತಾರೆಂದು ಕಚೇರಿಯವರು ಒಂದು ನವೆಂಬರಿನಲ್ಲಿ ಶಾಲು ಹೊದಿಸಿದ್ದರಂತೆ. ಈಗ ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಯಾದಗಿರಿಯಲ್ಲಿ ಪರೀಕ್ಷೆ. ಪಾಸಾದವರಿಗೆ ಕೆಲಸ, ಆಗದವರಿಗೆ ಮನೆ. ಅವಕಾಶ ಒಂದೇ ಸಲ.

ಮೊದಲ ವಾರ ಮೌಸ್ ಹಿಡಿಯುವುದರಲ್ಲೇ ಹೋಯಿತು. ಆಮೇಲೆ ಪಟಪಟನೆ ಕಲಿತರು. ತಲೆಬರಹ ಕನ್ನಡದಲ್ಲಿ, ಸೂತ್ರ ಇಂಗ್ಲಿಷಿನಲ್ಲಿ. ಸಮ ಚಿಹ್ನೆ ಹಾಕಿ, ಸಮ್ ಎಂದು ಬರೆದು, ಕಂಸದೊಳಗೆ ಮೊದಲ ಚೌಕ ಮತ್ತು ಕೊನೆಯ ಚೌಕ ಹೇಳಿದರೆ ಮೊತ್ತ ಬರುತ್ತದೆ. ನಾನು ಅಂಕಿ ತುಂಬಿಟ್ಟ ಹಾಳೆಯನ್ನೇ ಕೊಡುತ್ತಿದ್ದೆ. ಅವರು ಒಂದೊಂದಾಗಿ ಒತ್ತುವುದನ್ನು ಕಾಯುವ ತಾಳ್ಮೆ ನನಗಿರಲಿಲ್ಲ. ಕನ್ನಡ ಅಂಕಿ ಹಾಕಿದರೂ ನಡೆಯುತ್ತದೆಯೇ ಎಂದು ಒಮ್ಮೆ ಕೇಳಿದರು. ಅಂಕಿ ಯಾವುದಾದರೇನು, ಮುಂದಿನದು ನೋಡಿ ಎಂದು ಗದರಿದೆ.

ಪರೀಕ್ಷೆ ಮುಗಿಸಿ ಅವರು ನೇರವಾಗಿ ನನ್ನಲ್ಲಿಗೆ ಬಂದರು.

"ಮೊತ್ತ ಸೊನ್ನಿ ಬಂತ್ರಿ ಸರ್. ಸೂತ್ರ ನೀವು ಹೇಳಿದಂಗೇ ಬರದಿದ್ದೆ."

ಖಾಲಿ ಹಾಳೆ ತೆರೆದು, ಪರೀಕ್ಷೆಯಲ್ಲಿ ಮಾಡಿದಂತೆಯೇ ಮಾಡಿ ತೋರಿಸಲು ಹೇಳಿದೆ. ತಲೆಬರಹ ಬರೆದರು, ಅದೇ ಕನ್ನಡ ಕೀಲಿಮಣೆಯಲ್ಲಿ ೪ ಒತ್ತಿದರು, ೫ ಒತ್ತಿದರು, ೩ ಒತ್ತಿದರು. ಈ ಯಂತ್ರ ಕನ್ನಡದ ಅಂಕಿಯನ್ನು ಅಕ್ಷರವೆಂದುಕೊಳ್ಳುತ್ತದೆ, ಕೂಡುವುದಿಲ್ಲ. ಒಂದೇ ಒಂದು ಸಲ ಅವರೇ ಅಂಕಿ ತುಂಬಿದ್ದರೆ ನನಗೆ ಅಂದೇ ಕಾಣುತ್ತಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಕರೆಮ್ಮ.

ಎಲ್ಲವನ್ನೂ ಹೇಳಿದೆ. ಅವರು ಪರದೆಯ ಮೇಲಿನ ೪ರ ಮೇಲೆ ಬೆರಳಿಟ್ಟರು.

"ಅಂದ್ರ ನಾ ಬರದದ್ದು ಅಂಕಿನೇ ಅಲ್ಲೇನ್ರಿ?"

ನಾಳೆಯೇ ಯಾದಗಿರಿಗೆ ಹೋಗಿ, ತಪ್ಪು ನನ್ನದೆಂದು ಸಾಹೇಬರಿಗೆ ಹೇಳುತ್ತೇನೆ ಎಂದೆ. ಕರೆಮ್ಮ ಅಡ್ಡಡ್ಡ ತಲೆಯಾಡಿಸಿದರು.

"ಬ್ಯಾಡ್ರಿ. ಕೇಳೇ ಬಂದೀನಿ, ಇನ್ನೊಂದು ಸಲ ಕೊಡಂಗಿಲ್ಲಂತ. ಕರೆಮ್ಮಗ ಲೆಕ್ಕ ಬರಲಿಲ್ಲ ಅನ್ಲಿ, ತಡಕೋತೀನಿ. ಕನ್ನಡ ಬರದು ಕೆಲಸ ಕಳಕೊಂಡಾಳಂತ ಮಂದಿ ನಗೋದು ಬ್ಯಾಡ. ಯಾರಿಗೂ ಹೇಳಬ್ಯಾಡ್ರಿ."

ಆಗಲಿ ಎಂದೆ. ಅವರು ಕೊನೆಯ ಬಸ್ಸಿಗೆ ಹೊರಟರು. ನಾನು ಯಾದಗಿರಿಗೆ ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅವರಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತೇನೆ. ನಿಜ ಬೇರೆ. ಯಾರಿಗೂ ಹೇಳಬೇಡಿ ಎಂದು ಅವರು ಅಂದಾಗ ನನಗೆ ಮೊದಲು ಆದದ್ದು ಸಮಾಧಾನ.