ಡಬ್ಬಿಯ ಮೇಲಿನ ಗಡ್ಡಪ್ಪ

ಬೀದಿಯ ಹೆಂಗಸರ ತಲೆಯೆಲ್ಲ ಅಕ್ಕನ ಕೈಯಲ್ಲಿತ್ತು, ತನ್ನ ತಲೆಯೊಂದನ್ನು ಬಿಟ್ಟು. ಬ್ಯೂಟಿ ಪಾರ್ಲರಿನಲ್ಲಿ ಕತ್ತರಿ ಹಿಡಿದು ನಿಂತೇ ಇರುವ ಕೆಲಸ ಅವಳದು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕುರ್ಚಿಯಲ್ಲಿ ಕೂತವರಿಗೆ ಕನ್ನಡಿಯಲ್ಲಿ ತಮ್ಮ ಮುಖ ನೋಡಿ ಸಾಕಾದ ಮೇಲೆ ಕಣ್ಣು ಮೆಲ್ಲಗೆ ಹಿಂದೆ ನಿಂತವಳ ನೆತ್ತಿಗೆ ಹೋಗುತ್ತಿತ್ತು. ಬೈತಲೆ ಅಗಲವಾಗುತ್ತಾ ಬಂದು ಟ್ಯೂಬ್‌ಲೈಟಿನ ಬೆಳಕಿಗೆ ಮಿರಮಿರ ಹೊಳೆಯುತ್ತಿತ್ತು. "ನಮಗೆಲ್ಲ ಹೇಳ್ತೀರಲ್ಲ, ನೀವೇ ಏನಾದ್ರೂ ಹಚ್ಕೋಬಾರ್ದಾ?" ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಅಲ್ಲ, ಗಂಡಸಿನ ತಲೆ ಬೋಳಾದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ಹೆಂಗಸಿನ ತಲೆ ತೆಳುವಾದರೆ ಏನು ಕಾಯಿಲೆಯೋ, ಏನು ಕೊರಗೋ ಎಂದು ಬೀದಿಗೆ ಬೀದಿಯೇ ವಿಚಾರಣೆಗೆ ನಿಲ್ಲುತ್ತದೆ. ಅಕ್ಕ ನಕ್ಕು ಕತ್ತರಿ ಆಡಿಸಿದಳು. ಮನೆಗೆ ಬಂದು ಅತ್ತಳು.

ಔಷಧಿ ಅಂಗಡಿಯಲ್ಲಿ ಕೂದಲು ಬೆಳೆಯಲು ಹಚ್ಚುವ ಔಷಧಿಯದು ಹೆಂಗಸರಿಗೆಂದೇ ಗುಲಾಬಿ ಡಬ್ಬಿಯೊಂದು ಇತ್ತು. ಪಕ್ಕದಲ್ಲೇ ಗಂಡಸರ ಕಪ್ಪು ಡಬ್ಬಿ, ಅದರ ಮೇಲೆ ಎದೆಯುಬ್ಬಿಸಿ ನಿಂತ ಒಬ್ಬ ಗಡ್ಡಪ್ಪ. ಒಳಗಿನ ಔಷಧಿ ಒಂದೇ, ಗಂಡಸರದು ಇನ್ನೂ ಜೋರು, ಆದರೂ ಅಗ್ಗ. ಇದು ಯಾವ ಊರಿನ ನ್ಯಾಯವೋ! ಅಕ್ಕ ಗಡ್ಡಪ್ಪನನ್ನೇ ಕೇಳಿದಳು.

"ಯಾರಿಗೆ?" ಎಂದ ಅಂಗಡಿಯವನು.

"ತಮ್ಮನಿಗೆ."

ಹೀಗೆ, ಹುಟ್ಟದೇ ಇದ್ದ ತಮ್ಮನೊಬ್ಬ ಅವಳಿಗೆ ಹುಟ್ಟಿಕೊಂಡ. ಹೋದಾಗಲೆಲ್ಲ ಅಂಗಡಿಯವನು, "ಏನಮ್ಮಾ, ತಮ್ಮನ ತಲೆ ಚಿಗುರಿತಾ?" ಎನ್ನುವನು. "ಪರವಾಗಿಲ್ಲ, ಈಗೀಗ ಕನ್ನಡಿ ಮುಂದೆ ನಿಲ್ತಾನೆ," ಎನ್ನುವಳು. ಸುಳ್ಳೇನಲ್ಲ. ಹಣೆಯ ಅಂಚಿನಲ್ಲಿ ಎಳೆ ಕೂದಲು ಮೂಡಿತು, ನೆತ್ತಿ ಮುಚ್ಚಿತು, ಜುಟ್ಟು ಕೈಗೆ ಸಿಗುವಷ್ಟಾಯಿತು. ಅಕ್ಕ ತಲೆಯೆತ್ತಿ ನಡೆಯತೊಡಗಿದಳು.

ಊರಿಗೆಲ್ಲ ಅಕ್ಕನಾದರೂ ಅವಳಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ. ತಾಯಿ ತೀರಿಕೊಂಡ ಮೇಲೆ ಅವಳನ್ನು ಎತ್ತಿ ಆಡಿಸಿದ್ದು, ಜಡೆ ಹೆಣೆದು ಶಾಲೆಗೆ ಕಳಿಸಿದ್ದು, ಮದುವೆ ಮಾಡಿದ್ದು ಎಲ್ಲ ಅಕ್ಕನೇ. ಆ ಗಡಿಬಿಡಿಯಲ್ಲಿ ತನ್ನ ಮದುವೆ ಮರೆತೇಹೋಯಿತು ಎಂದು ತಮಾಷೆ ಮಾಡುತ್ತಿದ್ದಳು. ತಂಗಿಗೆ ಮಗಳು ಹುಟ್ಟಿ, ರಜೆ ಮುಗಿದು ಅವಳು ಕೆಲಸಕ್ಕೆ ಹೊರಟಾಗ, ಅಕ್ಕ ಪಾರ್ಲರಿನ ಮಧ್ಯಾಹ್ನದ ಪಾಳಿ ಬಿಟ್ಟು ಮಗುವನ್ನು ನೋಡಿಕೊಳ್ಳಲು ನಿಂತಳು.

ಆ ಮಗುವೆಂದರೆ ಅವಳಿಗೆ ಜೀವ. ಪಾರ್ಲರಿನಿಂದ ಓಡೋಡಿ ಬಂದು, ಮಗು ಬರುವುದಕ್ಕೆ ಮುಂಚೆ ಗಡ್ಡಪ್ಪನ ಔಷಧಿಯನ್ನು ತಲೆಗೆ ತಟ್ಟಿಕೊಂಡು, ಬಾಟಲಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಬಿಡುವಳು. ಮಗುವಿಗೆ ತೊಟ್ಟಿಲು ಬೇಡ, ಜೋಗುಳ ಬೇಡ. ಅಕ್ಕನ ತಲೆಗೆ ಹಣೆ ಒತ್ತಿ, ಕಿವಿಯ ಹಿಂದಿನ ಕೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ನಿದ್ದೆ. ಕೈ ಬಿಡಿಸಲು ಹೋದರೆ ರಂಪ. ಹೆಗಲು ಜೋಮು ಹಿಡಿದರೂ ಅಕ್ಕ ಅಲುಗಾಡುತ್ತಿರಲಿಲ್ಲ.

ಮೊದಲು ಮಗುವಿನ ಹಣೆಯ ಮೇಲೆ ನವಿರಾದ ರೋಮ ಕಾಣಿಸಿತು. "ಕರಡಿಮರಿ ಕಣೇ ನೀನು," ಎಂದು ಮುದ್ದಾಡಿದರು. ಆಮೇಲೆ ರೋಮ ಕಪ್ಪಾಯಿತು, ಕೆನ್ನೆಗೆ ಇಳಿಯಿತು, ಹುಬ್ಬಿಗೆ ಹುಬ್ಬು ಕೂಡಿಕೊಂಡಿತು. ಮುದ್ದು ನಿಂತು ಪಿಸುಮಾತು ಶುರುವಾಯಿತು. ತಂಗಿಯ ಅತ್ತೆ ಮೂಗು ಮುರಿದು, "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲಪ್ಪ. ತಾಯಿ ಕಡೆಯಿಂದಾನೇ ಬಂದಿರ್ಬೇಕು," ಎಂದರು. ಬಂದವರ ಮುಂದೆಲ್ಲ ಅದನ್ನೇ ಹೇಳಿದರು. ತಂಗಿ ಮಗುವಿಗೆ ಕಿವಿ ಮುಚ್ಚುವ ಟೋಪಿ ಹಾಕಿ ತರತೊಡಗಿದಳು.

"ಅಕ್ಕಾ, ಬಸುರಿಯಾಗಿದ್ದಾಗ ನಾನು ಏನಾದ್ರೂ ತಿನ್ನಬಾರದ್ದು ತಿಂದ್ನಾ?"

"ಹುಚ್ಚಿ, ಸುಮ್ನಿರು," ಎಂದು ಅಕ್ಕ ಅವಳ ಕಣ್ಣೊರೆಸಿದಳು. ಆಗ ಅವಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಕ್ಕಳ ಡಾಕ್ಟರ ಕೋಣೆಯಲ್ಲಿ. ತಂಗಿ, ಅವಳ ಗಂಡ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ. ಡಾಕ್ಟರು ಮಗುವಿನ ಕೆನ್ನೆ ನೋಡಿದರು, ಬೆನ್ನು ನೋಡಿದರು, ಕೊನೆಗೆ ತಂಗಿಯ ಗಂಡನ ಅರೆಬೋಳು ತಲೆ ನೋಡಿದರು.

"ನೀವು ತಲೆಗೆ ಕೂದಲು ಬೆಳೆಯೋ ಔಷಧಿ ಏನಾದ್ರೂ ಹಚ್ತೀರಾ? ಹಚ್ಕೊಂಡು ಮಗೂನ ಎತ್ಕೊಂಡ್ರೆ ಹೀಗಾಗುತ್ತೆ."

ಅವನು ತಲೆ ಸವರಿಕೊಂಡ. "ಹಚ್ಚಿದ್ರೆ ಹೀಗಿರ್ತಿದ್ನಾ ಡಾಕ್ಟ್ರೇ?"

ಎಲ್ಲರೂ ನಕ್ಕರು. ಎಷ್ಟೋ ದಿನದ ಮೇಲೆ ತಂಗಿಯೂ ನಕ್ಕಳು. "ಹಾಗಾದ್ರೆ ಅದಲ್ಲ ಬಿಡಿ. ರಕ್ತ ಪರೀಕ್ಷೆ ಮಾಡಿಸೋಣ," ಎಂದು ಡಾಕ್ಟರು ಚೀಟಿ ಬರೆದರು. ಆ ಪ್ರಶ್ನೆ ಕೋಣೆಯಲ್ಲಿದ್ದ ಹೆಂಗಸರ ಕಡೆ ತಿರುಗಲೇ ಇಲ್ಲ.

ಅಕ್ಕನಿಗೆ ಅಕ್ಕಿ ಡಬ್ಬದ ಹಿಂದಿನ ಬಾಟಲಿ ನೆನಪಾಯಿತು. ಮಗು ಅವಳ ಕೂದಲು ಹಿಡಿದುಕೊಂಡೇ ಇತ್ತು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಡಾಕ್ಟರು, ತಂಗಿಯ ಗಂಡ, ಬಾಗಿಲಲ್ಲಿ ನಿಂತ ನರ್ಸು, ಇಷ್ಟು ಜನರ ಎದುರು ಹೇಗೆ ಹೇಳುವುದು, ನನ್ನ ತಲೆ ಬೋಳಾಗುತ್ತಿತ್ತು, ಗಂಡಸರ ಔಷಧಿ ಹಚ್ಚಿಕೊಂಡೆ ಎಂದು? ಇವತ್ತೇ ಬಾಟಲಿ ಬಿಸಾಕುತ್ತೇನೆ, ಮಗು ತಾನಾಗಿ ಸರಿಹೋಗುತ್ತದೆ, ಯಾರಿಗೂ ತಿಳಿಯಬೇಕಾಗಿಲ್ಲ ಎಂದುಕೊಂಡಳು. ಬಾಯಿಗೆ ಬೀಗ ಹಾಕಿಕೊಂಡಳು.

ಬಾಟಲಿಯನ್ನೇನೋ ಬಿಸಾಕಿದಳು. ಆದರೆ ರಕ್ತ ಪರೀಕ್ಷೆಯ ದಿನ ಬಂದೇ ಬಂತು.

ಲ್ಯಾಬಿನವಳಿಗೆ ಮಗುವಿನ ನರ ಸಿಗಲಿಲ್ಲ. ಒಂದು ಕೈಗೆ ಚುಚ್ಚಿದಳು, ಇನ್ನೊಂದು ಕೈಗೆ ಚುಚ್ಚಿದಳು, ಪಾದಕ್ಕೆ ತಡಕಿದಳು. ಮಗು ಉಸಿರುಗಟ್ಟಿ ಅಳುತ್ತಾ ಕೈಯನ್ನು ಅಕ್ಕನ ತಲೆಯ ಕಡೆ ಚಾಚಿತು. ತಂಗಿ ಗೋಡೆಗೆ ಹಣೆ ಒತ್ತಿ, "ನನ್ನ ಹೊಟ್ಟೇಲಿ ಹುಟ್ಟಿದ್ದಕ್ಕೇ ಇದಕ್ಕೆ ಈ ಗತಿ," ಎಂದು ಬಿಕ್ಕಿದಳು.

ಅದನ್ನು ಅಕ್ಕನಿಂದ ಸಹಿಸಲಾಗಲಿಲ್ಲ. "ಬಿಡಿ ಅದನ್ನ! ಚುಚ್ಚಬೇಡಿ! ನಾನು ಕಣೇ... ನಾನೇ ಹಚ್ತಿದ್ದೆ. ಗಂಡಸರ ಔಷಧಿ. ತಲೆಗೆ."

ತಂಗಿ ಗೋಡೆಯಿಂದ ಇತ್ತ ತಿರುಗಿದಳು.

"ಡಾಕ್ಟ್ರು ಕೇಳಿದಾಗ ನೀನು ಅಲ್ಲೇ ಇದ್ದೆ."

"ಇದ್ದೆ."

"ಮಗು ನಿನ್ನ ತೊಡೆ ಮೇಲಿತ್ತು."

ಅಕ್ಕ ತಲೆ ತಗ್ಗಿಸಿದಳು.

"ಹಚ್ಕೊಂಡಿದ್ದಕ್ಕೆ ನಾನೇನಾದ್ರೂ ಅಂತಿದ್ನಾ ಅಕ್ಕ? ಗೊತ್ತಿಲ್ದೇ ಆಯ್ತು, ಬಿಡು. ಗೊತ್ತಾದ್ಮೇಲೂ ಸುಮ್ನಿದ್ಯಲ್ಲ. ಅತ್ತೆ ಬಾಯಲ್ಲಿ ನಾನು ಬೈಸ್ಕೊಳ್ತಾ ಇದ್ದೆ. ಮನೆಗೆ ಹೋಗಿ ನನ್ನೊಬ್ಬಳಿಗಾದ್ರೂ ಹೇಳಬಾರ್ದಿತ್ತಾ?"

ತಂಗಿ ಮಗುವನ್ನು ಎದೆಗವಚಿಕೊಂಡು ಹೊರಟುಹೋದಳು. ಮಾರನೆಯ ದಿನದಿಂದ ಮಗು ಬೇಬಿ ಸಿಟ್ಟಿಂಗಿಗೆ ಹೋಗತೊಡಗಿತು. ಮಧ್ಯಾಹ್ನವಾದರೆ ಅಕ್ಕನಿಗೆ ಮನೆಯೇ ಕಚ್ಚಲು ಬಂದಂತಾಗುತ್ತಿತ್ತು. ಮತ್ತೆ ಮಧ್ಯಾಹ್ನದ ಪಾಳಿ ಕೇಳಿ ಪಡೆದಳು.

ತಿಂಗಳುಗಳು ಕಳೆದವು. ಒಂದು ದಿನ ತಂಗಿಯಿಂದ ಫೋನಿಗೆ ಮಗುವಿನ ಫೋಟೋ ಬಂತು, ಒಂದು ಮಾತೂ ಇಲ್ಲದೆ. ಹಣೆ ತಿಳಿಯಾಗಿತ್ತು, ಕೆನ್ನೆ ಬೆಣ್ಣೆಯಂತಿತ್ತು. ಅಕ್ಕ ಆ ಫೋಟೋಗೆ ಮುತ್ತಿಟ್ಟಳು. ಅಷ್ಟರಲ್ಲಿ ಔಷಧಿ ಬಿಟ್ಟದ್ದಕ್ಕೆ ಅವಳ ಕೂದಲೂ ಹಿಡಿ ಹಿಡಿಯಾಗಿ ಉದುರುತ್ತಿತ್ತು. ಬಾಚಣಿಗೆಗೆ ಬಂದದ್ದನ್ನು ನೋಡಿ ನೋಡಿ ಸಾಕಾಗಿ, ಪಾರ್ಲರಿನ ಕನ್ನಡಿಯ ಮುಂದೆ ತಾನೇ ಕೂತು, ಉಳಿದದ್ದಕ್ಕೆಲ್ಲ ಮೆಷಿನ್ ಹಾಕಿಕೊಂಡಳು. ಔಷಧಿ ಅಂಗಡಿಯವನು ದಾರಿಯಲ್ಲಿ ಸಿಕ್ಕಿ, "ತಮ್ಮ ಬಿಟ್ಟೇಬಿಟ್ನಾ?" ಎಂದು ಬಾಯಿ ತೆರೆದವನು ಅವಳ ತಲೆ ನೋಡಿ ಅಲ್ಲಿಗೇ ನಿಲ್ಲಿಸಿದ.

ಒಂದು ರಜೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ತಂಗಿ, ಕಂಕುಳಲ್ಲಿ ಮಗು. ಅಕ್ಕನ ತಲೆ ಕಂಡು ಅವಳ ಕಣ್ಣು ತುಂಬಿ ಬಂತು. "ಇದಕ್ಕೆ ನಿದ್ದೆ ಬಂದಿದೆ. ಸ್ವಲ್ಪ ಎತ್ಕೋ," ಎಂದಳು. ಕೋಪವೆಲ್ಲ ಅಷ್ಟೇ ಮಾತಿನಲ್ಲಿ ಇಳಿದುಹೋಯಿತು.

ಅಕ್ಕ ಎತ್ತಿಕೊಂಡಳು. ಮಗು ಅಳಲಿಲ್ಲ. ಹಳೆಯ ಜಾಗವನ್ನೇ ಹುಡುಕಿ ತಲೆಗೆ ಹಣೆ ಒತ್ತಿತು. ಕಣ್ಣು ಮುಚ್ಚಿಕೊಂಡೇ ಕೈಯನ್ನು ಕಿವಿಯ ಹಿಂದೆ ತಂದಿತು. ಬೆರಳುಗಳು ಅಲ್ಲಿ ತಡಕಿದವು, ಕುತ್ತಿಗೆಗೆ ಇಳಿದವು, ಮತ್ತೆ ಮೇಲಕ್ಕೆ ಬಂದವು. ಹಿಡಿಯಲು ಏನೂ ಸಿಗಲಿಲ್ಲ. ಮಗು ತಲೆಯೆತ್ತಿ ಅವಳ ಮುಖವನ್ನು ದಿಟ್ಟಿಸಿ ನೋಡಿ, ತುಟಿ ಸೊಟ್ಟ ಮಾಡಿ ಜೋರಾಗಿ ಅಳುತ್ತಾ ತಾಯಿಯ ಕಡೆ ಬಾಗಿತು. ತಂಗಿ ಎತ್ತಿಕೊಂಡಳು. ಅಕ್ಕನೇ ಹೆಣೆದು ಬೆಳೆಸಿದ ಜಡೆ ಅವಳದು. ಮಗು ಅದನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಯಿತು.

"ಬೇಜಾರು ಮಾಡ್ಕೋಬೇಡ ಅಕ್ಕಾ. ತುಂಬ ದಿನ ಆಯ್ತಲ್ಲ, ನಿನ್ನ ಮರೆತಿದೆ ಅಷ್ಟೇ."

"ಮರೆತಿಲ್ಲ ಕಣೇ," ಎಂದಳು ಅಕ್ಕ, ಖಾಲಿ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ. "ಮರೆತಿದ್ರೆ ಹುಡುಕ್ತಿತ್ತಾ?"