ಯಾವ ಯಜಮಾನ

“ತಲೇಲಿ ಇಷ್ಟು ವಿಷ ಇಟ್ಕೊಂಡು ಹೊರಗೆ ಹಲ್ಲು ಕಿರೀತೀಯಲ್ಲೇ, ಮುಂಡೇ,” ಎಂದ ಮ್ಯಾನೇಜರ್.

ಆ ಬೈಗುಳದಲ್ಲಿ ಗಂಜಿ ತಪ್ಪು ಹುಡುಕಲಿಲ್ಲ. ಗಂಡ ಸತ್ತು ಎಂಟು ತಿಂಗಳಾಗಿತ್ತು. ಈ ಮನುಷ್ಯನ ಬಾಯಿಂದ ಇವತ್ತಿನವರೆಗೆ ಬಂದ ಮಾತುಗಳಲ್ಲಿ ನಿಜವಾದದ್ದು ಇದೊಂದೇ ಇರಬೇಕು.

ಗಂಜಿ ಎಂಬುದು ಅವಳ ಹೆಸರಲ್ಲ. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ, ಗಂಜಿ ಹಾಕಿದ ಬಟ್ಟೆಯಂತೆ ಕತ್ತು ಬಗ್ಗಿಸದೆ ಸೆಟೆದು ನಿಲ್ಲುತ್ತಾಳೆಂದು ಜೊತೆಯವರು ಇಟ್ಟ ಹೆಸರು. ಇಸ್ತ್ರಿ ಉರುಳೆಯಿಂದ ಹಬೆಯಾಡುತ್ತ ಹೊರಬರುವ ಚಾದರದ ಒಂದು ತುದಿಯನ್ನು ಇವಳು ಹಿಡಿದರೆ ಇನ್ನೊಂದನ್ನು ಅತ್ತೆ ಹಿಡಿಯುತ್ತಿದ್ದಳು. ಜಗ್ಗಿ, ಝಾಡಿಸಿ, ಎದುರುಬದುರು ನಡೆದುಬಂದು ಮೂಲೆಗೆ ಮೂಲೆ ಕೂಡಿಸಬೇಕು. ದಿನಕ್ಕೆ ಆರುನೂರು ಸಲ ಅತ್ತೆಸೊಸೆ ಹೀಗೆ ಮುಖಕ್ಕೆ ಮುಖ ಕೊಡುತ್ತಿದ್ದರು. ಮನೆ ಅಂತ ಇದ್ದದ್ದು ಒಂದು ಕೋಣೆ, ಅದು ನಿಂತದ್ದು ಇಬ್ಬರ ದುಡಿಮೆಯ ಮೇಲೆ.

ತಲೆಪಟ್ಟಿ ಬಂದದ್ದು ಮೂರು ತಿಂಗಳ ಹಿಂದೆ. ಅದನ್ನು ಹಣೆಗೆ ಕಟ್ಟಿಕೊಂಡರೆ ಒಳಗಿನ ಯೋಚನೆಯನ್ನು ಕೃತಕ ಬುದ್ಧಿ ಓದಿ, ಮ್ಯಾನೇಜರ್ ಮೇಜಿನ ಪರದೆಯ ಮೇಲೆ ಬರೆಯುತ್ತದಂತೆ. ಮ್ಯಾನೇಜರಿಗೆ ಸ್ವಂತದ್ದು ಇಲ್ಲದ ಮೇಲೆ ಕೃತಕದ್ದಾದರೂ ಇರಲಿ ಎಂದು ಯಜಮಾನರು ತರಿಸಿದ್ದರು. ಯೋಚನೆ ಒಳ್ಳೆಯದಿದ್ದರೆ ಪಟ್ಟಿಯ ಮೇಲೆ ಹಸಿರು ದೀಪ, ಕೆಟ್ಟದ್ದಿದ್ದರೆ ಕೆಂಪು. ಎಲ್ಲ ನಿಮ್ಮ ಸುರಕ್ಷತೆಗೇ ಎಂದರು. ನಿಮ್ಮ ಖಾಸಗಿ ಯೋಚನೆ ಖಾಸಗಿಯಾಗಿಯೇ ಇರುತ್ತದೆ ಎಂದು ಬರೆದ ಕಾಗದಕ್ಕೆ ಓದು ಬಾರದವರು ಹೆಬ್ಬೆಟ್ಟು ಒತ್ತಿದರು, ಓದು ಬರುವವರು ಓದದೆ ಸಹಿ ಹಾಕಿದರು.

ಯಂತ್ರಕ್ಕೆ ಮೊದಲು ಪಾಠ ಆಗಬೇಕಿತ್ತು. ಹೆಂಗಸರನ್ನು ಸಾಲಾಗಿ ಕೂರಿಸಿ, ಒಂದೊಂದು ಶಬ್ದ ಹೇಳಿ, ಅದನ್ನೇ ನೆನೆಯಿರಿ ಎಂದರು. ನೀರು. ಬೆಂಕಿ. ಹಸಿವು. ಆಮೇಲೆ, ಯಜಮಾನ. ಗೋಡೆಯ ಮೇಲೆ ಲಾಂಡ್ರಿ ಯಜಮಾನರ ಫೋಟೊ ನಗುತ್ತಿತ್ತು, ನಿಜ. ಆದರೆ ಆ ಶಬ್ದ ಕಿವಿಗೆ ಬಿದ್ದ ಮೇಲೆ ಫೋಟೊ ನೋಡುವ ಪುರುಸೊತ್ತು ಯಾವಳಿಗಿತ್ತು? ಒಬ್ಬಳು ಕಿಸಕ್ಕೆಂದಳು. ಒಬ್ಬಳು ದವಡೆ ಮುಟ್ಟಿಕೊಂಡಳು. ಹೊಸದಾಗಿ ಮದುವೆಯಾದವಳು ಮುಖ ಮುಚ್ಚಿಕೊಂಡಳು. ಎಲ್ಲರ ತಲೆಯೊಳಗೂ ಅವರವರ ಮನೆಯ ಯಜಮಾನರು ಎದ್ದು ಕೂತಿದ್ದರು. ಯಂತ್ರ ತಂದಿದ್ದ ಕನ್ನಡಕದವನು ಅಷ್ಟನ್ನೂ ಲಾಂಡ್ರಿ ಯಜಮಾನರ ಹೆಸರಿಗೆ ಬರೆದುಕೊಂಡು ಹೋದ.

ಈಗ ಮ್ಯಾನೇಜರ್ ಪರದೆ ನೋಡಿ ಗಟ್ಟಿಯಾಗಿ ಓದತೊಡಗಿದ. ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಸಾಕ್ಷಿಗೆಂದು ಅತ್ತೆಯನ್ನೂ ಕರೆಸಿ ಮೂಲೆಯಲ್ಲಿ ನಿಲ್ಲಿಸಿದ್ದ.

“ಒಂಬತ್ತೂವರೆ, ಉಚ್ಚೆ ಬರ್ತಿದೆ. ಹತ್ತು ಗಂಟೆ, ಉಚ್ಚೆ ಬರ್ತಿದೆ, ಬಿಡಲ್ಲ ಸೂಳೆಮಗ.” ಅದು ಯಾರಿಗೆ ಅಂದದ್ದೆಂದು ಅವನು ಕೇಳಲಿಲ್ಲ. “ಹನ್ನೊಂದು, ಯಜಮಾನ ಸತ್ತ, ಒಳ್ಳೇದಾಯ್ತು. ಹನ್ನೊಂದೂಕಾಲು, ಮತ್ತೆ ಅದೇ. ನಮ್ಮ ಯಜಮಾನ್ರು ದೇವರಂಥ ಮನುಷ್ಯ. ಬದುಕಿರೋವಾಗ್ಲೇ ಹೆಣ ಮಾಡ್ತೀಯೇನೇ?”

ಹಬೆ ಮುಖಕ್ಕೆ ಹೊಡೆದಾಗಲೆಲ್ಲ ಗಂಜಿಗೆ ಒಂದು ಬೆಳಿಗ್ಗೆ ನೆನಪಾಗುತ್ತಿತ್ತು, ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ. ಅವತ್ತು ಅವಳು ಗೋಡೆಗೊರಗಿ ಕೂತು ಒಂದು ಲೋಟ ಚಹಾವನ್ನು ಬಿಸಿಬಿಸಿಯಾಗಿ ಕೊನೆಯ ಗುಟುಕಿನವರೆಗೂ ಕುಡಿದಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಯಾರೂ ಲೋಟ ಒದೆಯಲಿಲ್ಲ. ಗಂಡನಿಂದ ಅವಳಿಗೆ ಬಂದ ಆಸ್ತಿಯೆಂದರೆ ಆ ಚಹಾ ಒಂದೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಅವನನ್ನು ಹೆತ್ತವಳಿಗೆ ಹೇಳುವುದಾದರೂ ಹೇಗೆ?

“ಬೇರೆ ಅರ್ಥ ಇದ್ರೆ ಬೊಗಳು,” ಎಂದ ಮ್ಯಾನೇಜರ್. “ನಿಮ್ಮತ್ತೆ ಎದುರಿಗೇ ಹೇಳು, ಬರ್ಕೊಂಡು ಬಿಟ್ಬಿಡ್ತೀನಿ. ಇಲ್ಲಾಂದ್ರೆ ಇವತ್ತೇ ಗೇಟಿಂದ ಆಚೆ.”

ಒಂದೇ ಮಾತು ಸಾಕಿತ್ತು. ನಿಮ್ಮ ಯಜಮಾನರಲ್ಲ ಸಾರ್, ನಮ್ಮನೆ ಯಜಮಾನರು. ಕೆಲಸ ಉಳಿಯುತ್ತಿತ್ತು. ಅತ್ತೆ ನೆಲ ನೋಡುತ್ತ ನಿಂತಿದ್ದಳು, ಅವಳ ಹಣೆಯ ದೀಪ ಹಸಿರಾಗಿತ್ತು.

“ನಿಮ್ಮ ಯಜಮಾನ್ರೇ ಸಾರ್,” ಎಂದಳು ಗಂಜಿ. “ಅಷ್ಟು ದುಬಾರಿ ಮಿಷನ್ನು ಸುಳ್ಳು ಹೇಳುತ್ತಾ? ಹುಳ ಬಿದ್ದು ಸತ್ತ ಅಂತಾನೂ ಸೇರಿಸ್ಕೊಳ್ಳಿ, ನೆನೆಯಕ್ಕೆ ಮರೆತಿದ್ದೆ.”

ಮ್ಯಾನೇಜರ್ ಎದ್ದು ಬಂದು ಅವಳ ತಲೆಪಟ್ಟಿಯನ್ನು ಕಿತ್ತ. ಜೊತೆಗೆ ನಾಲ್ಕು ಕೂದಲೂ ಕಿತ್ತು ಬಂದವು. ಪಟ್ಟಿಗೆ ಪೆಟ್ಟಾಗದಂತೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅವಳನ್ನು ಹೊರಗೆ ದಬ್ಬಿದ.

ಇಸ್ತ್ರಿ ಉರುಳೆಯ ಬಳಿ ಅರ್ಧ ಮಡಚಿದ ಚಾದರ ಬಿಟ್ಟಲ್ಲೇ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಹೋಗಲು ಗಂಜಿಗೆ ಮನಸ್ಸು ಬರಲಿಲ್ಲ, ದರಿದ್ರ ಅಭ್ಯಾಸ. ಒಂದು ತುದಿ ಎತ್ತಿದಳು. ಹಿಂದೆಯೇ ಬಂದ ಅತ್ತೆ ಇನ್ನೊಂದು ತುದಿ ಎತ್ತಿದಳು. ಜಗ್ಗಿದರು, ಝಾಡಿಸಿದರು, ನಡೆದು ಹತ್ತಿರ ಬಂದರು.

“ಯಾವ ಯಜಮಾನ ಅಂತ ನಂಗೊತ್ತು ಕಣೇ,” ಎಂದಳು ಅತ್ತೆ ಮೆಲ್ಲಗೆ. “ನೀನು ಕೂತ್ಕೊಂಡು ಚಹಾ ಕುಡಿದ್ಯಲ್ಲ, ಅವತ್ತಿಂದ ಗೊತ್ತು.”

ಗೊತ್ತಿದ್ದೂ ಒಳಗೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು ಗಂಜಿ.

“ಅದು ನಿಂದು. ನಾನ್ಯಾಕೆ ಎತ್ತಿ ಕೊಡ್ಲಿ ಆ ನಾಯಿಗೆ?” ಅತ್ತೆಯ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಹೆತ್ತೋಳು ನಾನು ಅಳ್ತೀನಿ. ಒದೆ ತಿಂದೋಳು ನೀನ್ಯಾಕೆ ಅಳ್ಬೇಕು?”

ಸೊಸೆಯ ಹಣೆಯ ಅಂಚಿಗೆ, ಕೂದಲು ಕಿತ್ತ ಜಾಗದಲ್ಲಿ ರಕ್ತ ಜಿನುಗುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿ, ಅತ್ತೆ ತಲೆಯೆತ್ತಿ ಗೋಡೆಯ ಮೇಲಿನ ಫೋಟೊವನ್ನು ನೋಡಿದಳು. ಮೂರು ತಿಂಗಳಲ್ಲಿ ಒಮ್ಮೆಯೂ ಬಣ್ಣ ಬದಲಿಸದ ಅವಳ ದೀಪ ಕೆಂಪಗಾಯಿತು.

ಪಕ್ಕದ ಉರುಳೆಯ ಬಳಿ ಇನ್ನೊಂದು ಕೆಂಪಗಾಯಿತು. ಅದರಾಚೆ ಎರಡು. ಮ್ಯಾನೇಜರ್ ಗಟ್ಟಿಯಾಗಿ ಓದಿದ್ದು ಎಲ್ಲರಿಗೂ ಕೇಳಿಸಿತ್ತು, ಕೇಳಿದ್ದನ್ನು ನೆನೆಯಬೇಡ ಎಂದರೆ ತಲೆ ಕೇಳುತ್ತದೆಯೇ? ಯಾರು ಯಾವ ಯಜಮಾನನನ್ನು ನೆನೆದರೋ ಅವರಿಗೇ ಗೊತ್ತು. ಮೂವತ್ತೆಂಟು ಹಣೆಗಳ ಮೇಲೆ ಕೆಂಪು ದೀಪ ಹತ್ತಿತು. ಕೈಗಳು ಮಾತ್ರ ಚಾದರ ಮಡಚುತ್ತಲೇ ಇದ್ದವು.

ಮ್ಯಾನೇಜರ್ ಪರದೆ ಬಿಟ್ಟು ಓಡಿ ಬಂದ. ಎದುರಿಗೆ ಸಿಕ್ಕವಳು ಅತ್ತೆ. “ಏನೇ ಮುದುಕಿ, ಏನ್ ಯೋಚನೆ ಮಾಡ್ತಿದೀಯ?”

ಅತ್ತೆ ಉರುಳೆಯಿಂದ ಬಂದ ಹೊಸ ಚಾದರದ ಒಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟಳು.

“ನೀವೇ ಓದಿ ಹೇಳಿ ಸಾರ್,” ಎಂದಳು. “ನಂಗೆ ಓದು ಬರಲ್ಲ.”